ಉಗ್ಗುವ ಮಕ್ಕಳಿಗೆ ಮೊದಲು ಉಗ್ಗಿನ ಪರಿಚಯ ಮಾಡಿಸಿ

ಕಾರವಾರ, ಅಂಕೋಲಾ ಕಡೆಯಿಂದ ನನ್ನ ಬಳಿ ಸ್ಪೀಚ್ ಥೆರಪಿಗೆ (ಮಾತಿನ ಚಿಕಿತ್ಸೆಗೆ) ಬರುವ ಶಾಲಾ ಮಕ್ಕಳಲ್ಲಿ ಹೆಚ್ಚಿನವರಿಗೆ ಮನೆಮದ್ದು ಮುಗಿದಿರುತ್ತದೆ. ನಾಲಿಗೆಗೆ ಬಜೆ ತೇಯ್ದು ಹಚ್ಚಿರುತ್ತಾರೆ, ‘ಉಸಿರು ತಗೊಂಡು ನಿಧಾನ ಹೇಳು’ ಅಂತ ಹೇಳಿ ಹೇಳಿ ಸಾಕಾಗಿರುತ್ತದೆ. ನಾಲಿಗೆ ದಪ್ಪವಿದೆ ಅಂತ ಉಗ್ಗು ಬರುವುದಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡಿದ್ದಕ್ಕೂ ಬರುವುದಿಲ್ಲ. ಮಾತಿನ ಚಲನೆಗಳನ್ನು ಮಿದುಳು ಹೊಂದಿಸುವ ರೀತಿಯಲ್ಲೇ ವ್ಯತ್ಯಾಸವಿರುತ್ತದೆ, ಎಷ್ಟೋ ಮನೆಗಳಲ್ಲಿ ಅದು ವಂಶದಲ್ಲೇ ಬಂದಿರುತ್ತದೆ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗಿ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ನಾಲ್ಕನೇ, ಐದನೇ ತರಗತಿಯವರೆಗೂ ಉಳಿದಿದ್ದರೆ ಪೂರ್ತಿ ಹೋಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಮುಚ್ಚಿಡುವ ಚಟ ಹೋಗಬೇಕು, ಅದು ಮುಖ್ಯ.

ಹಾಗಾಗಿ ಮೊದಲ ಕೆಲವು ಭೇಟಿಗಳಲ್ಲಿ ತಿದ್ದುವ ಕೆಲಸವೇ ಇಲ್ಲ. ಶ್ವಾಸಕೋಶ, ಧ್ವನಿಪೆಟ್ಟಿಗೆ, ನಾಲಿಗೆ, ತುಟಿಯ ಚಿತ್ರ ಮಗುವಿನ ಕೈಯಲ್ಲೇ ಬರೆಸುತ್ತೇನೆ. ‘ಬಸ್ಸು’ ಅನ್ನುವಾಗ ಮಾತು ಎಲ್ಲಿ ಸಿಕ್ಕಿಕೊಂಡಿತು? ತುಟಿಯಲ್ಲಿ. ‘ಕಾರವಾರ’? ನಾಲಿಗೆಯ ಹಿಂಬದಿ. ‘ಅಮ್ಮ’? ಗಂಟಲಲ್ಲಿ. ಸಿಕ್ಕಿದ ಜಾಗಕ್ಕೆ ಬಣ್ಣ ಹಚ್ಚಬೇಕು. ಆಮೇಲೆ ನಾನು ಬೇಕಂತಲೇ ಉಗ್ಗುತ್ತೇನೆ: ಒಮ್ಮೆ ಅಕ್ಷರ ಮರುಕಳಿಸಿ, ಒಮ್ಮೆ ಎಳೆದು, ಒಮ್ಮೆ ದನಿಯೇ ಹೊರಡದಂತೆ ಬಿಗಿದು. ಯಾವುದೆಂದು ಗುರುತಿಸಿ ಮಗು ಕೈ ಎತ್ತಬೇಕು. ನನ್ನ ಉಗ್ಗನ್ನು ಹಿಡಿಯುವುದು ರೂಢಿಯಾದರೆ ತನ್ನದನ್ನು ಹಿಡಿಯಲು ನಾಚಿಕೆ ಕಡಿಮೆಯಾಗುತ್ತದೆ.

ನಂತರ ಸಿಕ್ಕಿನಿಂದ ಹೊರಬರುವ ಅಭ್ಯಾಸ. ‘ಬಸ್ಸು’ ಅನ್ನಲು ಮಗು ಬೇಕಂತಲೇ ತುಟಿ ಗಟ್ಟಿಯಾಗಿ ಒತ್ತಬೇಕು, ಜೊತೆಗೆ ಮುಷ್ಟಿಯನ್ನೂ ಬಿಗಿಯಬೇಕು. ಅಲ್ಲೇ ಎರಡು ಸೆಕೆಂಡು ನಿಂತು ಬಿಗಿ ಎಷ್ಟಿದೆ ಅಂತ ಗಮನಿಸಬೇಕು. ಮುಷ್ಟಿ ಸಡಿಲಿಸುತ್ತಾ ತುಟಿಯನ್ನೂ ಅರ್ಧಕ್ಕೆ ಸಡಿಲಿಸಿ, ದನಿ ಹೊರಟಿತು ಅನ್ನಿಸಿದ ಕೂಡಲೇ ‘ಬ’ದಿಂದ ಮುಂದಕ್ಕೆ ಜಾರಬೇಕು. ಹೆಚ್ಚಿನ ಮಕ್ಕಳು ತಪ್ಪುವುದು ಇಲ್ಲಿ: ಸಿಕ್ಕಿದ ತಕ್ಷಣ ಬಿಟ್ಟು ಶಬ್ದವನ್ನು ಮೊದಲಿಂದ ಶುರು ಮಾಡುತ್ತಾರೆ. ಆಗ ಸಿಕ್ಕು ಬಿಡಿಸುವುದು ಕಲಿತಂತಾಗದು, ಓಡಿಹೋಗುವುದು ಕಲಿತಂತಾಗುತ್ತದೆ. ಇನ್ನು ಕೆಲವರು ದೊಡ್ಡ ಉಸಿರೆಳೆದು ಎದೆಯಲ್ಲೇ ಹಿಡಿದುಬಿಡುತ್ತಾರೆ. ಗಂಟಲು ಇನ್ನೂ ಬಿಗಿಯುತ್ತದೆ. ತೊಡೆ ತಟ್ಟಿ ಮಾತು ಹೊರಡಿಸುವ ಉಪಾಯವೂ ಕೆಲವು ದಿನ ನಡೆದು ಸೋಲುತ್ತದೆ, ತಟ್ಟುವ ಚಟ ಮಾತ್ರ ಉಳಿಯುತ್ತದೆ. ಕೈ ಮುಷ್ಟಿಯನ್ನೂ ಇದೇ ಕಾರಣಕ್ಕೆ ಬೇಗ ಬಿಡಿಸುತ್ತೇನೆ.

ಕೋಣೆಯೊಳಗೆ ಬಂದದ್ದು ಪೇಟೆಯಲ್ಲಿ ಬರುವುದಿಲ್ಲ. ಊರಿನ ಹೆಸರು, ತನ್ನ ಹೆಸರು ಎಲ್ಲಕ್ಕಿಂತ ಕಷ್ಟ, ಬದಲಿಗೆ ಬೇರೆ ಶಬ್ದ ಹಾಕಲಾಗದು. ಕುಮಟಾದಲ್ಲಿ ಇಳಿಯಬೇಕಾದ ಹುಡುಗ ‘ಕು’ಗೆ ಹೆದರಿ ಹೊನ್ನಾವರದ ಟಿಕೆಟ್ ತೆಗೆಸಬಹುದು. ಕೇಳಿದವರಿಗೆ ಅಲ್ಲಿ ಉಗ್ಗು ಕಾಣುವುದೇ ಇಲ್ಲ, ನನ್ನ ಲೆಕ್ಕದಲ್ಲಿ ಮಾತ್ರ ಅದೇ ಅತಿ ಕೆಟ್ಟ ದಿನ. ಅದಕ್ಕೆ ಮೆಟ್ಟಿಲು ಮಾಡುತ್ತೇವೆ: ಮೊದಲು ನಾನು ಕಂಡಕ್ಟರ್, ಆಮೇಲೆ ಅಂಗಡಿಯಲ್ಲಿ ಪೆನ್ನು ಕೇಳುವುದು, ಆಮೇಲೆ ನಿಜವಾದ ಬಸ್ಸು. ಮೆಟ್ಟಿಲುಗಳ ಕ್ರಮವನ್ನು ಮಗುವೇ ಇಡಬೇಕು. ಉಗ್ಗಿದರೂ ‘ಕುಮಟಾ’ ಅಂದರೆ ಆ ಮೆಟ್ಟಿಲು ಹತ್ತಿದ ಹಾಗೆ.

ಯಕ್ಷಗಾನದ ಪದ್ಯ ಹಾಡುವಾಗ, ಎಲ್ಲರೊಂದಿಗೆ ಪ್ರಾರ್ಥನೆ ಹೇಳುವಾಗ ಉಗ್ಗು ಸಾಮಾನ್ಯವಾಗಿ ಬರುವುದಿಲ್ಲ. ಅದನ್ನು ನೋಡಿ ‘ಬೇಕಂತಲೇ ಮಾಡ್ತಾನೆ’ ಅನ್ನುವವರಿದ್ದಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಹಾಡಿನಲ್ಲಿ, ಒಟ್ಟಿಗೆ ಹೇಳುವುದರಲ್ಲಿ ಲಯ ಹೊರಗಿನಿಂದ ಸಿಗುತ್ತದೆ, ಒಂಟಿ ಮಾತಿಗೆ ಅದು ಸಿಗದು. ಶಿಕ್ಷಕರಿಗೂ ಇದನ್ನು ತಿಳಿಸುತ್ತೇನೆ. ಓದುವ ಸರದಿಯಿಂದ ಮಗುವನ್ನು ಕೈಬಿಡುವುದು ಬೇಡ. ಮೊದಲು ಜೊತೆಗಾರನೊಂದಿಗೆ ಓದಿಸಿ, ಒಬ್ಬನೇ ಓದುವುದು ಯಾವಾಗ ಅಂತ ಅವನನ್ನೇ ಕೇಳಿ. ಹಾಜರಿಗೆ ದನಿ ಹೊರಡುವವರೆಗೆ ಮುಂದಿನ ಹೆಸರು ಕರೆಯಬೇಡಿ, ಅವನ ಪರವಾಗಿ ಪಕ್ಕದವರು ‘ಬಂದಿದ್ದಾನೆ’ ಅನ್ನಲು ಬಿಡಬೇಡಿ.