ಕಚ್ಚಾ ಬ್ಲ್ಯಾಕ್ ಮೆಟಲ್: ಕೇಳುವುದು ಹೇಗೆ, ಬಿಡುವುದು ಯಾವಾಗ

ಕಚ್ಚಾ ಬ್ಲ್ಯಾಕ್ ಮೆಟಲ್ ಅಂದರೆ ಬೇಕೆಂದೇ ಒರಟಾಗಿ ರೆಕಾರ್ಡ್ ಮಾಡಿದ, ವೇಗದ, ಕಿರುಚುವ ದನಿಯ ಮೆಟಲ್ ಸಂಗೀತ. ಅದನ್ನು ಕೇಳಲು ಮೊದಲು ಫೋನಿನ ಬಾಸ್ ಬೂಸ್ಟ್ ಆಫ್ ಮಾಡಿ. ಈಕ್ವಲೈಜರಿನಲ್ಲಿ ‘ರಾಕ್’ ಅಂತ ಒಂದು ಆಯ್ಕೆ ಇರುತ್ತದಲ್ಲ, ಅದನ್ನೂ ತೆಗೆಯಿರಿ. ಈ ಸಂಗೀತದಲ್ಲಿ ಬಾಸ್ ಇರುವುದೇ ಕಡಿಮೆ. ಅದನ್ನು ಹೆಚ್ಚಿಸಲು ಹೋದರೆ ಡ್ರಮ್ಮಿನ ಗುಡುಗುಡು ಮಾತ್ರ ಉಬ್ಬಿ, ಗಿಟಾರು ಅದರಡಿ ಮುಚ್ಚಿಹೋಗುತ್ತದೆ. ನಾವು ಕೇಳಬೇಕಾದದ್ದು ಆ ಗಿಟಾರನ್ನೇ.

ವಾಲ್ಯೂಮ್ ಕಮ್ಮಿ ಇಡಿ. ಮೆಟಲ್ ಅಂದರೆ ಜೋರಾಗಿಯೇ ಕೇಳಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇದರಲ್ಲಿ ಚುಚ್ಚುವ ಕೀಚಲು ಸದ್ದು ಜಾಸ್ತಿ. ನಮ್ಮ ಕಿವಿ ತುಂಬಾ ಚುರುಕಾಗಿರುವುದೂ 2ರಿಂದ 5 ಕಿಲೋಹರ್ಟ್ಸ್ ನಡುವಿನ ಅಂಥ ಸದ್ದಿಗೇ. ಜೋರಿಟ್ಟರೆ ಕಿವಿ ಬೇಗ ದಣಿಯುತ್ತದೆ, ಆಮೇಲೆ ಯಾವುದೂ ಬೇರೆಬೇರೆಯಾಗಿ ಕೇಳಿಸುವುದಿಲ್ಲ. “ಎಲ್ಲಾ ಹಾಡೂ ಒಂದೇ ಥರ ಇದೆ” ಅನ್ನುವ ದೂರು ಅರ್ಧಕ್ಕರ್ಧ ಹುಟ್ಟುವುದು ಇಲ್ಲೇ.

ಇನ್ನೊಂದು ವಿಷಯ, ಫೈಲು. ಹಳೇ 128 ಕೆಬಿಪಿಎಸ್ ಎಂಪಿ3 ಇದ್ದರೆ ಎಸೆಯಿರಿ. ಎಂಪಿ3 ಚಿಕ್ಕದಾಗುವುದು ಕಿವಿಗೆ ಗೊತ್ತಾಗದ ಸದ್ದನ್ನು ಬಿಟ್ಟುಬಿಡುವುದರಿಂದ. ಸರ್‍ರ್ ಅನ್ನುವ ಹಿಸ್, ಡ್ರಮ್ಮಿನ ಜೊತೆಗಿರುವ ಸಿಂಬಲ್ ತಟ್ಟೆಗಳ ಝಲ್, ಬೇಕೆಂದೇ ಒಡೆಸಿದ (ಡಿಸ್ಟಾರ್ಷನ್ ಹಾಕಿದ) ಗಿಟಾರಿನ ಸದ್ದು, ಇವು ಮೂರೂ ಅದಕ್ಕೆ ಅತಿ ಕಷ್ಟದ ಪದಾರ್ಥಗಳು. ಹಾಡು ತುಂಬಾ ಬರೀ ಅವೇ ಇದ್ದರೆ ಏನಾಗುತ್ತದೆ? ನೀರೊಳಗೆ ಗುಳುಗುಳು ಅಂದಂತೆ ಕೇಳುತ್ತದೆ. ಕ್ಯಾಸೆಟ್ಟಿನ ಒರಟುತನ ಬೇರೆ, ಫೈಲು ಹಾಳಾಗಿರುವುದು ಬೇರೆ. ಮೊದಲ ಸಲ ಕೇಳುವವರಿಗೆ ಎರಡೂ ಒಂದೇ ಅನ್ನಿಸಿಬಿಡುತ್ತದೆ.

ಇಷ್ಟೆಲ್ಲ ಹೇಳುತ್ತಿರುವುದಕ್ಕೆ ಕಾರಣ ಇದೆ. ನಾನು ಬೆಂಗಳೂರಿನ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಕ್ಲೀನಿಂಗ್ ಮಾಡುತ್ತೇನೆ. ಧಾರಾವಾಹಿಯ ಮಾತುಗಳಿಂದ ಫ್ಯಾನ್ ಸದ್ದು, ಏಸಿಯ ಗುಂಯ್, ಮೈಕಿನ ಹಿಸ್ ತೆಗೆಯುವುದೇ ದಿನದ ಕೆಲಸ. ಮನೆಗೆ ಬಂದರೆ ಹಿಸ್ ತುಂಬಿದ ಹಾಡು ಹಾಕಿಕೊಂಡು ಕೂರುತ್ತೇನೆ. ಜೊತೆಗೆ ಕೆಲಸ ಮಾಡುವ ಹುಡುಗ ಒಮ್ಮೆ ನನ್ನ ಹೆಡ್‌ಫೋನ್ ಕಿವಿಗಿಟ್ಟು, “ಅಕ್ಕಾ, ಫೈಲ್ ಕರಪ್ಟ್ ಆಗಿದೆ ಅನ್ಸುತ್ತೆ, ಇನ್ನೊಂದ್ಸಲ ಡೌನ್‌ಲೋಡ್ ಮಾಡಿ” ಅಂದ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಇತಿಹಾಸ ಚುಟುಕಾಗಿ ಇಷ್ಟು. ಬ್ಲ್ಯಾಕ್ ಮೆಟಲ್ ಅನ್ನುವ ಹೆಸರು ಬಂದದ್ದು ಇಂಗ್ಲೆಂಡಿನ ನ್ಯೂಕಾಸಲ್‌ನ ವೆನಮ್ ತಂಡದ 1982ರ ಆಲ್ಬಮ್ಮಿನಿಂದ. ಸ್ಟಾಕ್‌ಹೋಮಿನ ಬಾಥೊರಿ 1984ರಲ್ಲಿ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡ ಜಾಗದಲ್ಲಿ ಮೊದಲ ಆಲ್ಬಮ್ ರೆಕಾರ್ಡ್ ಮಾಡಿತು. ಬ್ರೆಜಿಲಿನ ಬೆಲೊ ಹೊರಿಜೊಂಚೆಯ ಸಾರ್ಕೊಫಾಗೊ 1987ರಲ್ಲಿ ಅದನ್ನು ಇನ್ನಷ್ಟು ವೇಗಕ್ಕೆ ಒಯ್ದಿತು. ತೊಂಬತ್ತರ ದಶಕದ ಶುರುವಿನಲ್ಲಿ ನಾರ್ವೆಯ ಹುಡುಗರು ಇದನ್ನೆಲ್ಲ ಸೇರಿಸಿ ತಮ್ಮದೇ ಒಂದು ರೂಪ ಕೊಟ್ಟರು. ಆಗ ಇವೆಲ್ಲ ಹರಡುತ್ತಿದ್ದುದು ಅಂಚೆಯಲ್ಲಿ, ಕ್ಯಾಸೆಟ್ ಬದಲಾಯಿಸಿಕೊಂಡು. ಅಂಚೆಚೀಟಿಯ ಮೇಲೆ ತೆಳ್ಳಗೆ ಸೋಪೋ ಅಂಟೋ ಹಚ್ಚಿ ಕಳಿಸುತ್ತಿದ್ದರು. ಪಡೆದವರು ಮುದ್ರೆ ತೊಳೆದು ಅದೇ ಚೀಟಿ ಮತ್ತೆ ಅಂಟಿಸಬಹುದು ಅಂತ! ದುಡ್ಡಿಲ್ಲದ ಹುಡುಗರ ಬುದ್ಧಿ.

ಈಗ ಒಂದು ಆಲ್ಬಮ್ ಕೈಗೆ ತೆಗೆದುಕೊಳ್ಳೋಣ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ ‘ಟ್ರಾನ್ಸಿಲ್ವೇನಿಯನ್ ಹಂಗರ್’, 1994. ಇದರಿಂದಲೇ ಶುರು ಮಾಡಿ ಅನ್ನುತ್ತೇನೆ ನಾನು. ಕೆಲವರು ಮೆತ್ತಗಿನದರಿಂದ ಶುರು ಮಾಡಿ ಅಂತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಒರಟುತನ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಉತ್ತರ ಒರಟಾದದ್ದರಲ್ಲೇ ಸಿಗಬೇಕು ಅಲ್ವಾ.

ಈ ತಂಡಕ್ಕೆ ಒಳ್ಳೆಯ ಸ್ಟುಡಿಯೋ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 1991ರ ಮೊದಲ ಆಲ್ಬಮ್ಮನ್ನು ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ ಮಾಡಿದ್ದರು. ಅದು ಡೆತ್ ಮೆಟಲ್, ಅಂದರೆ ಮೆಟಲ್ಲಿನ ಇನ್ನೊಂದು ಪ್ರಕಾರ; ಗಟ್ಟಿ ಸದ್ದು, ಎಲ್ಲಾ ನೀಟು. ಮುಂದಿನ ವರ್ಷ ಎಲ್ಲಾ ಬಿಟ್ಟು ಬ್ಲ್ಯಾಕ್ ಮೆಟಲ್ಲಿಗೆ ಬಂದರು. ಸದ್ದು ತೀರಾ ತೆಳ್ಳಗಿದೆ, ಮತ್ತೆ ಮಿಕ್ಸ್ ಮಾಡಿ ಅಂತ ಅವರ ಆಲ್ಬಮ್ ಹೊರತರುತ್ತಿದ್ದ ಇಂಗ್ಲೆಂಡಿನ ಪೀಸ್‌ವಿಲ್ ಕಂಪನಿ ತಕರಾರು ತೆಗೆಯಿತು. ಹಾಗಾದರೆ ಬೇರೆ ಕಡೆಯಿಂದ ಬಿಡುಗಡೆ ಮಾಡುತ್ತೇವೆ ಅಂದರು ಇವರು. ಕೊನೆಗೆ ಇದ್ದದ್ದು ಇದ್ದಂತೆಯೇ ಹೊರಬಂತು. 1994ರ ಹೊತ್ತಿಗೆ ತಂಡದ ಫೆನ್ರಿಜ್ ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಯಂತ್ರ ಇಟ್ಟುಕೊಂಡು ಗಿಟಾರು, ಬಾಸ್, ಡ್ರಮ್ ಮೂರನ್ನೂ ಒಬ್ಬನೇ ನುಡಿಸಿದ. ತಂಡದ ಇನ್ನೊಬ್ಬ, ನಾಕ್ಟರ್ನೊ ಕುಲ್ಟೊ, ಆಮೇಲೆ ದನಿ ಸೇರಿಸಿದ.

ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ ನೋಡಿಲ್ಲದವರಿಗೆ ಒಂದು ಮಾತು. ಕ್ಯಾಸೆಟ್ಟಿನ ಟೇಪು ಅಗಲವೇ 3.81 ಮಿಲಿಮೀಟರ್. ಅದನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿದರೆ ಒಂದೊಂದಕ್ಕೆ ಒಂದು ಮಿಲಿಮೀಟರೂ ಸಿಗುವುದಿಲ್ಲ. ಪಟ್ಟಿ ಕಿರಿದಾದಷ್ಟೂ ಹಿಸ್ ಮೇಲೆ ಬರುತ್ತದೆ. ನಾಲ್ಕಕ್ಕಿಂತ ಹೆಚ್ಚು ವಾದ್ಯ ಬೇಕಾದರೆ ಮೂರು ಪಟ್ಟಿಯನ್ನು ಕೂಡಿಸಿ ಒಂದಕ್ಕೆ ಇಳಿಸಬೇಕು. ಹಾಗೆ ಇಳಿಸಿದಾಗೆಲ್ಲ ಸದ್ದು ಇನ್ನಷ್ಟು ಮಂಕಾಗುತ್ತದೆ, ಹಿಸ್ ಇನ್ನಷ್ಟು ಏರುತ್ತದೆ. ಹಾಗಾಗಿ ಹಾಡು ಕಟ್ಟುವಾಗಲೇ ಏನು ಬಿಡಬೇಕು ಅಂತ ತೀರ್ಮಾನಿಸಬೇಕಾಗುತ್ತದೆ.

ಶೀರ್ಷಿಕೆ ಗೀತೆ ಹಾಕಿ. ಸುಮಾರು 6 ನಿಮಿಷ. ಪೀಠಿಕೆ ಇಲ್ಲ, ಸೀದಾ ಶುರು. ಡ್ರಮ್ಮು ಒಂದೇ ನಡೆಯಲ್ಲಿ ಓಡುತ್ತದೆ, ಇಡೀ ಆಲ್ಬಮ್ಮಿನ ತುಂಬಾ ಹೆಚ್ಚುಕಮ್ಮಿ ಅದೇ ನಡೆ. ಅದನ್ನು ಹಿಂಬಾಲಿಸಲು ಹೋಗಬೇಡಿ. ತಂಬೂರಿಯನ್ನು ನಾವು ಹೇಗೆ ಕೇಳಿಯೂ ಕೇಳದಂತೆ ಇರುತ್ತೇವೋ ಹಾಗೆ ಬಿಟ್ಟುಬಿಡಿ. ಪದಗಳನ್ನೂ ಹುಡುಕಬೇಡಿ, ದನಿಯನ್ನು ಇನ್ನೊಂದು ವಾದ್ಯ ಅಂದುಕೊಳ್ಳಿ. ಈಗ ಗಿಟಾರಿಗೆ ಬನ್ನಿ. ಕೈ ತಂತಿಯ ಮೇಲೆ ಭಯಂಕರ ವೇಗದಲ್ಲಿ ಮೇಲೆ ಕೆಳಗೆ ಆಡುತ್ತಿದೆ. ಇದಕ್ಕೆ ಟ್ರೆಮೊಲೊ ಪಿಕಿಂಗ್ ಅಂತಾರೆ. ಆದರೆ ಸ್ವರ ಬದಲಾಗುವುದು ನಿಧಾನಕ್ಕೆ. ವೇಗ ಕೈಯದು, ರಾಗ ಸಾವಕಾಶದ್ದು. ಇದು ಒಮ್ಮೆ ಹಿಡಿಯಿತು ಅಂದರೆ ಗೋಜಲು ತಾನೇ ಬಿಡಿಸಿಕೊಳ್ಳುತ್ತದೆ. ಮೇಲಿನ ಸ್ವರವನ್ನು ಬಾಯಲ್ಲಿ ಮೆಲ್ಲಗೆ ಗುನುಗಿ ನೋಡಿ. ಬರುತ್ತದೆ. ಸುಲಭದ, ದುಃಖದ, ಲಾಲಿಯಂಥ ಒಂದು ಎಳೆ.

ಇನ್ನು ಆ ಎಳೆ ಬದಲಾಗುವ ಜಾಗಕ್ಕೆ ಕಾಯಿರಿ. ಬದಲಾಗುವುದು ಒಂದೆರಡು ಸ್ವರ, ಅಷ್ಟೇ. ಸುತ್ತಲಿನದೆಲ್ಲ ಅಲ್ಲಾಡದೆ ನಿಂತಿರುವುದರಿಂದ ಆ ಒಂದೆರಡು ಸ್ವರವೇ ಎದೆಗೆ ತಟ್ಟುತ್ತದೆ. ಈ ಸಂಗೀತದ ಸೆಳೆತ ಅಂದರೆ ನನ್ನ ಮಟ್ಟಿಗೆ ಇದು. ಸೈತಾನ, ಮುಖಕ್ಕೆ ಬಿಳಿ ಬಣ್ಣ, ಓದಲಾಗದ ಲೋಗೋ, ಇವೆಲ್ಲ ಹದಿನೆಂಟರ ವಯಸ್ಸಿನ ಅಲಂಕಾರ. ನೋಡಿ ನಕ್ಕರೂ ತಪ್ಪಿಲ್ಲ.

ಹಿಸ್ ತೆಗೆದರೆ ಇನ್ನೂ ಚೆನ್ನಾಗಿ ಕೇಳಿಸುತ್ತದಲ್ಲ ಅಂತ ನಿಮಗೆ ಅನ್ನಿಸಬಹುದು. ಮಾಡಿ ನೋಡಿದ್ದೇನೆ. ಸ್ಟುಡಿಯೋದಲ್ಲಿ ಮಾತಿನ ಹಿಸ್ ತೆಗೆಯುವ ಸಾಫ್ಟ್‌ವೇರಿಗೇ ಈ ಹಾಡು ಕೊಟ್ಟೆ. ಹಿಸ್ ಹೋಯಿತು, ಜೊತೆಗೆ ಗಿಟಾರಿನ ಅರ್ಧ ಜೀವವೂ ಹೋಯಿತು. ಒಡೆದ ಗಿಟಾರಿನ ಸದ್ದೂ ಟೇಪಿನ ಹಿಸ್ಸೂ ಒಂದೇ ಎತ್ತರದಲ್ಲಿ ಬೆರೆತಿರುತ್ತವೆ, ಯಂತ್ರಕ್ಕೆ ಬೇರ್ಪಡಿಸಲು ಬರುವುದಿಲ್ಲ. ಉಳಿದದ್ದು ಟಪಟಪ ಡ್ರಮ್ಮು, ಕೂಗುವ ಒಬ್ಬ ಮನುಷ್ಯ. ಆ ದನಿಯ ಹಿಂದಿದ್ದ ಚಳಿ ಮಾಯ.

ಹಾಗಂತ ಹಿಸ್ ಇದ್ದದ್ದೆಲ್ಲ ಒಳ್ಳೆಯದು ಅಂತಲ್ಲ. ಇದನ್ನು ಒತ್ತಿ ಹೇಳಬೇಕು. ನನ್ನ ಕೆಲಸದ ಕಂಪ್ಯೂಟರಿನಲ್ಲಿ ಕೆಳಗಿನ ಸದ್ದು ಕತ್ತರಿಸಿ, ಟೇಪ್ ಹಿಸ್‌ನ ಪ್ಲಗಿನ್ ಹಾಕಿ, ಸ್ವಲ್ಪ ಒಡೆಸಿದರೆ ಟೀ ಬರುವಷ್ಟರಲ್ಲಿ ಯಾವ ಹಾಡನ್ನಾದರೂ ‘ಕಚ್ಚಾ’ ಮಾಡಿಕೊಡುತ್ತೇನೆ. ಈಗ ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ಡೆಮೊಗಳು ಹಾಗೇ ಆದವು. ಪರೀಕ್ಷೆ ಸುಲಭ. ಹಾಡು ನಿಲ್ಲಿಸಿ, ಒಂದು ಲೋಟ ನೀರು ಕುಡಿದು ಬನ್ನಿ. ಏನಾದರೂ ಗುನುಗಲು ಬರುತ್ತದಾ? ಬರದಿದ್ದರೆ ಇನ್ನೊಂದು ಸಲ ಕೇಳಿ. ಆಗಲೂ ಬರದಿದ್ದರೆ ಆ ಸದ್ದಿನ ಪರದೆ ಹಿಂದೆ ಯಾರೂ ಇಲ್ಲ, ಮುಂದಕ್ಕೆ ಹೋಗಿ. “ನಿಮಗೆ ಅರ್ಥ ಆಗ್ಲಿಲ್ಲ” ಅಂತ ಯಾರಾದರೂ ಅಂದರೆ ಅನ್ನಲಿ ಬಿಡಿ.

ಫ್ರಾನ್ಸಿನ ಬ್ರೆಸ್ಟ್ ಊರಿನ ಸುತ್ತ ತೊಂಬತ್ತರ ದಶಕದಲ್ಲಿ ‘ಲೆ ಲೆಜಿಯೋಂ ನ್ವಾರ್’ ಅಂತ ಒಂದು ಗುಂಪಿತ್ತು. ಕೆಲವೇ ಕ್ಯಾಸೆಟ್ ಮಾಡಿ ಗೆಳೆಯರಿಗೆ ಹಂಚುತ್ತಿದ್ದರು. ಈಗ ಅವುಗಳ ಮೂಲ ಪ್ರತಿಗೆ ಜನ ಹುಚ್ಚರ ಹಾಗೆ ದುಡ್ಡು ಕೊಡುತ್ತಾರೆ. ಅವರಲ್ಲಿ ಮ್ಯುಟಿಲೇಷನ್ ತಂಡದ 1995ರ ಆಲ್ಬಮ್ಮಿನಲ್ಲಿ ನಿಜವಾಗಿಯೂ ರಾಗ ಇದೆ, ಕೇಳಿ. ಆದರೆ ಆ ಗುಂಪಿನ ಇನ್ನೆಷ್ಟೋ ರೆಕಾರ್ಡಿಂಗುಗಳು ಸಿಗುವುದು ಕಷ್ಟ ಅನ್ನುವ ಒಂದೇ ಕಾರಣಕ್ಕೆ ದೊಡ್ಡವಾಗಿವೆ. ಐವತ್ತೇ ಪ್ರತಿ ಅಂದ ತಕ್ಷಣ ಸಂಗೀತ ಐವತ್ತು ಪಟ್ಟು ಚೆನ್ನಾಗಿಬಿಡುತ್ತದಾ?

ಎರಡನೇ ಪಾಠಕ್ಕೆ ಮೇಹೆಮ್ ತಂಡದ ‘ಲೈವ್ ಇನ್ ಲೈಪ್‌ಜಿಗ್’ ಇಟ್ಟುಕೊಳ್ಳಿ. 1990ರ ನವೆಂಬರ್ 26ರ ಕಾರ್ಯಕ್ರಮ, ಆಲ್ಬಮ್ ಆಗಿ ಬಂದದ್ದು 1993ರಲ್ಲಿ. ಇಲ್ಲಿ ಗಮನ ಹಾಡುಗಾರನ ಮೇಲಿರಲಿ. ವೇದಿಕೆಯ ಮೇಲೆ ‘ಡೆಡ್’ ಅಂತ ಹೆಸರಿಟ್ಟುಕೊಂಡಿದ್ದ ಸ್ವೀಡನ್ನಿನ ಹುಡುಗ. ‘ಫ್ರೀಜಿಂಗ್ ಮೂನ್’ ಹಾಡಿನ ನಿಧಾನದ ಭಾಗದಲ್ಲಿ ಅವನ ದನಿ ಕೂಗಾಟ ಬಿಟ್ಟು ನರಳಾಟದ ಕಡೆ ವಾಲುತ್ತದೆ. ತಿದ್ದಿದ ಸ್ಟುಡಿಯೋ ರೆಕಾರ್ಡಿಂಗಿನಲ್ಲಿ ಹೀಗೆ ಸಿಗುವುದು ಅಪರೂಪ.

ಒಂದು ಎಚ್ಚರಿಕೆ. ಆ ಹುಡುಗ 1991ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆಗ ಅವನಿಗೆ 22 ವರ್ಷ. ಅವನ ಶವದ ಫೋಟೋವನ್ನೇ ಮುಖಪುಟ ಮಾಡಿ 1995ರಲ್ಲಿ ಒಂದು ಬೂಟ್‌ಲೆಗ್ (ಅನುಮತಿ ಇಲ್ಲದೆ ಮಾಡಿದ ಆಲ್ಬಮ್) ಹೊರಬಂತು. ಮೇಹೆಮ್ ಹೆಸರು ಹಾಕಿ ಹುಡುಕಿದರೆ ಅದು ಕಣ್ಣಿಗೆ ಬೀಳುತ್ತದೆ. ಚಿತ್ರದ ಹುಡುಕಾಟಕ್ಕೆ ಹೋಗಲೇಬೇಡಿ, ಹಾಡು ಮಾತ್ರ ಕೇಳಿ. ಅದನ್ನು ನೋಡುವುದೇ ಗಟ್ಟಿತನ ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಇಲ್ಲಿಂದ ಇದರ ಮಿತಿಗಳ ಮಾತು ಬರುತ್ತದೆ, ಅವು ಸದ್ದಿನದ್ದಷ್ಟೇ ಅಲ್ಲ. 1992ರ ಜೂನ್ 6ರಂದು ನಾರ್ವೆಯ ಬರ್ಗೆನ್ನಿನ ಫಾಂಟಾಫ್ಟ್ ಮರದ ಚರ್ಚು ಸುಟ್ಟುಹೋಯಿತು, ಬೇರೆ ಚರ್ಚುಗಳೂ ಸುಟ್ಟವು; ಇಂಥ ಬೆಂಕಿಗಳ ಹಿಂದೆ ಈ ಸಂಗೀತದವರ ಕೈಯಿತ್ತು. 1993ರ ಆಗಸ್ಟ್‌ನಲ್ಲಿ ಬುರ್ಜುಮ್ ಅನ್ನುವ ಒಬ್ಬನೇ ಮನುಷ್ಯನ ತಂಡದ ವಾರ್ಗ್ ವಿಕರ್ನೆಸ್ ಮೇಹೆಮ್‌ನ ಗಿಟಾರಿಸ್ಟ್ ಯೂರೋನಿಮಸ್‌ನನ್ನು ಕೊಂದ. 21 ವರ್ಷ ಶಿಕ್ಷೆಯಾಗಿ 2009ರಲ್ಲಿ ಹೊರಬಂದ. ಅವನ ಜನಾಂಗದ್ವೇಷದ ಬರಹಗಳು ಗುಟ್ಟಿನದ್ದೇನಲ್ಲ. ನಾನು ಮೇಲೆ ಇಷ್ಟು ಹೊಗಳಿದ ‘ಟ್ರಾನ್ಸಿಲ್ವೇನಿಯನ್ ಹಂಗರ್’ನ ಎಂಟು ಹಾಡುಗಳಲ್ಲಿ ನಾಲ್ಕರ ಸಾಹಿತ್ಯ ಇದೇ ಮನುಷ್ಯನದು. ಮೊದಲಿಗೆ ಅದರ ಹಿಂಬದಿಯಲ್ಲಿ ನಾರ್ವೆಯ ಆರ್ಯ ಬ್ಲ್ಯಾಕ್ ಮೆಟಲ್ ಅನ್ನುವ ಅರ್ಥದ ಸಾಲು ಅಚ್ಚಾಗಿತ್ತು. ಗಲಾಟೆಯಾಗಿ ತೆಗೆದರು. ಫೆನ್ರಿಜ್ ಆಮೇಲೆ ಅದಕ್ಕೆಲ್ಲ ವಿಷಾದ ಹೇಳಿಕೊಂಡಿದ್ದಾನೆ. ವಿಕರ್ನೆಸ್ ಹಾಗೇನೂ ಮಾಡಿಲ್ಲ.

ನಾನು ಏನು ಮಾಡುತ್ತೇನೆ ಅಂದರೆ, ಬುರ್ಜುಮ್‌ಗೆ ದುಡ್ಡು ಕೊಡುವುದಿಲ್ಲ. 1993ರಲ್ಲಿ ರೆಕಾರ್ಡ್ ಮಾಡಿ 1996ರಲ್ಲಿ ಬಂದ ಅವನ ‘ಫಿಲೋಸೊಫೆಮ್’ ಆಲ್ಬಮ್ಮಿಗೆ ಬೇಕೆಂದೇ ಹೆಡ್‌ಸೆಟ್ಟಿನ ಕಳಪೆ ಮೈಕಿನಲ್ಲಿ ದನಿ ಕೊಟ್ಟಿದ್ದು, ಗಿಟಾರನ್ನು ಮನೆಯ ಸ್ಟೀರಿಯೋ ಮೂಲಕ ಹಾಯಿಸಿದ್ದು, ಇವೆಲ್ಲ ಸದ್ದಿನ ಕೆಲಸ ಮಾಡುವವಳಾಗಿ ನನಗೆ ಗೊತ್ತಿರಬೇಕು, ಗೊತ್ತಿದೆ. ಅಷ್ಟಕ್ಕೆ ನಿಲ್ಲಿಸಿದ್ದೇನೆ. ನೀವು ಹೊಸ ತಂಡ ಹಿಡಿದಾಗ ಕೊಳ್ಳುವ ಮುಂಚೆ ಐದು ನಿಮಿಷ ಆ ತಂಡದ ಹಿನ್ನೆಲೆ ಓದಿ. ಈ ಪ್ರಕಾರದಲ್ಲಿ ನಾಜಿ ತಂಡಗಳದ್ದೇ ಒಂದು ಬೇಲಿಯಾಚೆಯ ಕೇರಿ ಇದೆ, ಅವು ಕಚ್ಚಾ ಸದ್ದಿನ ಮರೆಯಲ್ಲಿ ಸುಲಭವಾಗಿ ನುಸುಳುತ್ತವೆ. ಪದ ಕೇಳಿಸದ ಸಂಗೀತದ ತೊಂದರೆ ಇದು: ಏನು ಹಾಡುತ್ತಿದ್ದಾರೆ ಅಂತ ಗೊತ್ತಾಗದೆ ನೀವು ತಲೆದೂಗುತ್ತಿರುತ್ತೀರಿ. ಬಿಳಿಯರದ್ದೇ ಸಂಗೀತ ಇದು ಅನ್ನುವವರು ಸಿಕ್ಕರೆ ಬ್ರೆಜಿಲಿನ ಸಾರ್ಕೊಫಾಗೊ ಹೆಸರು ಹೇಳಿ. ನಮ್ಮಲ್ಲೂ ಕೋಲ್ಕತ್ತಾದ ಹೀದನ್ ಬೀಸ್ಟ್ ಧರ್ಮದ ಹೆಸರಿನ ಹಿಂಸೆಯನ್ನೇ ಬಯ್ಯಲು ಈ ಸದ್ದು ಬಳಸಿದೆ.

ಕನ್ನಡದಲ್ಲಿ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಬೆಂಗಳೂರಿನ ದ್ವೇಷ ತಂಡದ ‘ಸ್ತೂಪ’, 2014. ಅದು ಡೆತ್ ಮೆಟಲ್, ಬ್ಲ್ಯಾಕ್ ಅಲ್ಲ, ಸದ್ದೂ ಗಟ್ಟಿ. ಆದರೂ ಕೇಳಿಸುತ್ತೇನೆ. ನಮ್ಮದೇ ಭಾಷೆಯ ಪದವೂ ಆ ಗಂಟಲಲ್ಲಿ ಸಿಕ್ಕು ಪೂರ್ತಿ ಹಿಡಿಯಲಾಗದೆ ಜಾರಿದಾಗ, ಪದ ಹುಡುಕುವ ಚಟ ತಾನೇ ಬಿಡುತ್ತದೆ.

ಎಷ್ಟು ಹೊತ್ತು ಕೇಳಬೇಕು? ಒಂದು ಸಲಕ್ಕೆ ಒಂದೇ ಆಲ್ಬಮ್, 40 ನಿಮಿಷ. ಈ ಸಂಗೀತಕ್ಕೆ ಏರಿಳಿತ ಕಡಿಮೆ, ಒಂದಾದ ಮೇಲೊಂದು ಹಾಕಿದರೆ ಎರಡನೆಯದಕ್ಕೆ ಅನ್ಯಾಯವಾಗುತ್ತದೆ. ಕೆಲಸ ಮಾಡುತ್ತಾ ಹಿನ್ನೆಲೆಗೆ ಹಾಕಬೇಡಿ, ಬರೀ ತಲೆನೋವು. ಇದಕ್ಕೆ ನಗು ಬರುವುದಿಲ್ಲ, ಕುಣಿತ ಬರುವುದಿಲ್ಲ, ಪ್ರೀತಿಯ ಮಾತಂತೂ ಇಲ್ಲವೇ ಇಲ್ಲ. ಬೇಸಿಗೆಯ ಮಧ್ಯಾಹ್ನ ನನಗಂತೂ ಆಗುವುದೇ ಇಲ್ಲ.

ಇವೆರಡು ಆಲ್ಬಮ್ ಆದ ಮೇಲೆ ಇಮ್ಮಾರ್ಟಲ್ ತಂಡದ 1993ರ ‘ಪ್ಯೂರ್ ಹೋಲೊಕಾಸ್ಟ್’ ಹಾಕಿ. ಹೆಸರು ನೋಡಿ ಗಾಬರಿಯಾಗಬೇಡಿ, ಅವರ ಹಾಡೆಲ್ಲ ಹಿಮ, ಬೆಟ್ಟ, ಚಳಿಗಾಲದ ಸುತ್ತಲೇ. ಬರ್ಗೆನ್ನಿನ ಗ್ರೀಗ್‌ಹಾಲೆನ್ ಅನ್ನುವ ದೊಡ್ಡ ಸಂಗೀತ ಸಭಾಂಗಣದ ಸ್ಟುಡಿಯೋದಲ್ಲಿ ಪಿಟ್ಟನ್ ಎಂಬ ಎಂಜಿನಿಯರ್ ಜೊತೆ ಮಾಡಿದ್ದು. ಅದೇ ಟ್ರೆಮೊಲೊ, ಅದೇ ಬಿರುಸು, ಆದರೆ ಡ್ರಮ್ಮಿಗೆ ಜಾಗ ಇದೆ, ಗಿಟಾರಿಗೆ ಮೈ ಇದೆ. ಇದೇ ಹಿತವಾಯಿತು ಅಂದರೆ ಇಲ್ಲೇ ಉಳಿಯಿರಿ, ನಾಲ್ಕು ಟ್ರ್ಯಾಕಿನ ಕಡೆ ವಾಪಸ್ ಬರಲೇಬೇಕು ಅಂತೇನಿಲ್ಲ. ಏನೋ ಕಮ್ಮಿ ಆಯಿತಲ್ಲ ಅನ್ನಿಸಿದರೆ ಮಾತ್ರ ಬನ್ನಿ, ನಿಮಗೆ ಕೊಡಲು ಇನ್ನೊಂದಷ್ಟು ಹೆಸರುಗಳಿವೆ.