ಹೊಸ ವೇತನ ಸಂಹಿತೆ: ಸಂಬಳ ಚೀಟಿಯಿಂದಲೇ ಶುರು ಮಾಡಿ

29 ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಗಾರ್ಮೆಂಟ್ಸ್, ಹೋಟೆಲ್ ನಡೆಸುವವರು ಮೊದಲು ತೆಗೆದು ನೋಡಬೇಕಾದ್ದು ಸಂಬಳ ಚೀಟಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕೊಡುವ ಇಡಿಗಂಟಿನ ಲೆಕ್ಕ ನಿಂತಿರುವುದೇ ಅದರ ಮೇಲೆ.

ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು ಒಂದು ಕಡೆ ಕೂಡಿಸಿ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲು ಇನ್ನೊಂದು ಕಡೆಗೆ. ಈ ಎರಡನೆಯ ಮೊತ್ತ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಹಣವೂ ಕಾನೂನಿನ ಕಣ್ಣಿಗೆ ವೇತನವೇ.

ಒಬ್ಬ ಮ್ಯಾನೇಜರ್‌ಗೆ ಒಟ್ಟು 50,000 ರೂಪಾಯಿ ಎಂದುಕೊಳ್ಳಿ (ಲೆಕ್ಕ ಸುಲಭವಾಗಲೆಂದು ಪಿಎಫ್ ಪಾಲು ಬಿಟ್ಟಿದೆ). ಮೂಲ ವೇತನ, ತುಟ್ಟಿಭತ್ಯೆ ಸೇರಿ 20,000, ಮನೆ ಬಾಡಿಗೆ 18,000, ಓಡಾಟ 12,000. ಭತ್ಯೆಗಳೇ 30,000 ಆದವು. ಅರ್ಧ 25,000, ಹೆಚ್ಚಾದದ್ದು 5,000. ಹಾಗಾಗಿ ಇವರ ವೇತನ 20,000 ಅಲ್ಲ, 25,000.

ಇವರು 10 ವರ್ಷ ದುಡಿದು ಈಗ ಕೆಲಸ ಬಿಟ್ಟರೆ ಗ್ರಾಚ್ಯುಟಿ 25,000 × 15 ÷ 26 × 10, ಅಂದರೆ 1,44,231 ರೂಪಾಯಿ. ಹಳೆಯ ಅಂಕಿ ಹಿಡಿದಿದ್ದರೆ 1,15,385 ಆಗುತ್ತಿತ್ತು. 26ರ ಜಾಗದಲ್ಲಿ 30ರಿಂದ ಭಾಗಿಸುವ ತಪ್ಪು ಬಹಳ ಕಡೆ ಆಗುತ್ತದೆ. ಇಲ್ಲಿ ಅದರಿಂದಲೇ 19,231 ರೂಪಾಯಿ ಕೊರತೆ ಬೀಳುತ್ತದೆ. ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನ, ವಾರದ ರಜೆ ಕಳೆದರೆ ತಿಂಗಳಿಗೆ 26 ದಿನ ಎಂಬುದು ಈ ಸೂತ್ರದ ಲೆಕ್ಕ.

ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆಂದು ನೌಕರರು ಗಾಬರಿಪಟ್ಟರೆ ಬಿಡಿಸಿ ಹೇಳಿ: ಪಿಎಫ್ ಅನ್ನು 15,000 ರೂಪಾಯಿಯ ಮಿತಿಯ ಮೇಲೇ ಕಟ್ಟುತ್ತಿದ್ದರೆ ಕಡಿತ ಮೊದಲಿನಂತೆ 1,800 ರೂಪಾಯಿಯೇ.

ನಿಗದಿತ ಅವಧಿಗೆ ತೆಗೆದುಕೊಂಡವರ ಪಟ್ಟಿ ಬೇರೆ ಮಾಡಿ. ಅವರಿಗೆ ಒಂದು ವರ್ಷ ತುಂಬಿದರೆ ಸಾಕು, ಗ್ರಾಚ್ಯುಟಿ ಹಕ್ಕು ಬರುತ್ತದೆ. ಕಾಯಂ ನೌಕರರಿಗೆ ಐದು ವರ್ಷ ಬೇಕು. ನೇಮಕಾತಿ ಪತ್ರ ಇಬ್ಬರಿಗೂ ಕಡ್ಡಾಯ. ಮಾತಿನ ಮೇಲೆ ಸೇರಿಸಿಕೊಂಡವರಿಗೆ ಈಗಲೇ ಬರೆದುಕೊಡಿ, ಸೇರಿದ ನಿಜವಾದ ದಿನಾಂಕವನ್ನೇ ಹಾಕಿ. ಆ ದಿನಾಂಕ ಸರಿಯಿಲ್ಲದಿದ್ದರೆ ಮುಂದೆ ಸೇವಾವಧಿಯ ತಕರಾರು ಖಂಡಿತ.

ಹೆಚ್ಚಿನವರು ಎಡವುವುದು ಲೆಕ್ಕ ಚುಕ್ತಾ ಮಾಡುವಾಗ. ನೌಕರ ತಾನೇ ಬಿಡಲಿ, ನೀವೇ ತೆಗೆಯಲಿ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಅವರ ಕೈ ಸೇರಬೇಕು. ಮುಂದಿನ ತಿಂಗಳ 7ರವರೆಗೆ ಕಾಯಿರಿ ಎನ್ನುವಂತಿಲ್ಲ. ಹಾಜರಿ, ಓವರ್‌ಟೈಮ್, ಉಳಿದ ರಜೆಯನ್ನು ಪ್ರತಿ ಶನಿವಾರ ಬರೆದು ಮುಗಿಸಿದರೆ ಮಾತ್ರ ಇದು ಸಾಧ್ಯ. ಗ್ರಾಚ್ಯುಟಿಗೆ 30 ದಿನಗಳ ಗಡುವು ಬೇರೆ ಇದೆ, ಎರಡನ್ನೂ ಬೆರೆಸಬೇಡಿ.

ಇನ್ನು ಮುಂಗಡ. ದುಗ್ಗಮ್ಮನ ಜಾತ್ರೆಗೋ ದೀಪಾವಳಿಗೋ ಕೊಟ್ಟ ಹಣವನ್ನು ಕೊನೆಯ ಸಂಬಳದಲ್ಲಿ ಒಟ್ಟಿಗೆ ಮುರಿದುಕೊಳ್ಳೋಣ ಎಂದುಕೊಳ್ಳಬೇಡಿ. ಒಂದು ವೇತನ ಅವಧಿಯ ಎಲ್ಲ ಕಡಿತ ಸೇರಿ ವೇತನದ ಶೇ 50 ಮೀರುವಂತಿಲ್ಲ. ಕೊಡುವ ದಿನವೇ ತಿಂಗಳಿಗೆ ಎಷ್ಟು ಕಡಿತವೆಂದು ಬರೆದು, ಇಬ್ಬರೂ ಸಹಿ ಹಾಕಿ, ಪ್ರತಿ ಸಂಬಳ ಚೀಟಿಯಲ್ಲೂ ಉಳಿದ ಬಾಕಿ ತೋರಿಸಿ.