ಮಾನಸಗಂಗೋತ್ರಿಯಲ್ಲಿ ಕಲಾ ನಡಿಗೆ: ಜಾಗ ಕೇಳುವ ಕಲೆಯನ್ನೇ ಇಡಿ

ಒಬ್ಬರೇ ನಡೆದರೆ ಎಂಟು ನಿಮಿಷ ಹಿಡಿಯುವ ದಾರಿಗೆ ಮೂವತ್ತು ಜನರ ಗುಂಪು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಒಬ್ಬರು ಫೋಟೊಗೆ ನಿಲ್ಲುತ್ತಾರೆ, ಇನ್ನೊಬ್ಬರಿಗೆ ಮಂಡಿನೋವು, ಮಕ್ಕಳು ಮುಂದೆ ಓಡುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿಗಳ ಪ್ರದರ್ಶನಗಳಿರುವ ನಡಿಗೆ ಏರ್ಪಡಿಸಿದಾಗ ನಮ್ಮ ಮೊದಲ ವೇಳಾಪಟ್ಟಿ ಕೆಟ್ಟಿದ್ದು ಈ ಲೆಕ್ಕದಲ್ಲೇ. ಮೂರನೇ ನಿಲ್ದಾಣದ ಹೊತ್ತಿಗೆ ಅರ್ಧ ಗಂಟೆ ತಡವಾಗಿ, ಕಾದು ಕೂತ ಹುಡುಗರ ಮೈ ತಣ್ಣಗಾಗಿತ್ತು. ಈಗ ಒಟ್ಟು ದಾರಿ ಎರಡು ಕಿಲೋಮೀಟರ್ ಮೀರದಂತೆ, ನಾಲ್ಕೇ ನಿಲ್ದಾಣ, ಎರಡೂಕಾಲು ಗಂಟೆ ಎಂದು ಇಟ್ಟುಕೊಂಡಿದ್ದೇವೆ. ಆವರಣ 700 ಎಕರೆಗೂ ಮೇಲಿದೆ. ಎಲ್ಲವನ್ನೂ ತೋರಿಸುವ ಆಸೆ ಬಿಡಬೇಕು.

ಗುಂಪು 25ರಿಂದ 30 ಜನ. ಅದಕ್ಕಿಂತ ಹೆಚ್ಚಾದರೆ ಮೈಕ್ ಬೇಕಾಗುತ್ತದೆ, ಮೈಕ್ ಬಂದರೆ ನಡಿಗೆ ಹೋಗಿ ಸಭೆಯಾಗುತ್ತದೆ. ಹೆಚ್ಚು ಜನ ಬಂದರೆ ಮುಕ್ಕಾಲು ಗಂಟೆ ಅಂತರದಲ್ಲಿ ಎರಡನೇ ಗುಂಪು ಬಿಡಿ. ಆದರೆ ಕುಣಿಯುವವರು ಎರಡು ಸಲ ಕುಣಿಯಬೇಕಾಗುತ್ತದೆ ಎಂಬುದನ್ನು ಮೊದಲೇ ಅವರಿಗೆ ಹೇಳಿ, ಸಂಭಾವನೆಯನ್ನೂ ಹಾಗೆಯೇ ಲೆಕ್ಕ ಹಾಕಿ.

ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುವುದು ನಮ್ಮ ಕ್ರಮ. ಇಲ್ಲಿ ಪ್ರದರ್ಶನ ಇಡುವುದಿಲ್ಲ. ಕೆರೆಯಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳಿರುತ್ತವೆ. ಚರ್ಮವಾದ್ಯದ ಸದ್ದಿಗೆ ಹಕ್ಕಿಗಳು ಒಟ್ಟಿಗೇ ಏಳುತ್ತವೆ. ವಾಕಿಂಗಿಗೆ ಬಂದವರಿಗೂ ದಾರಿ ಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ ಇದು, 1864ರದ್ದು ಎಂಬಷ್ಟು ಹೇಳಿ ಹತ್ತು ನಿಮಿಷ ಸುಮ್ಮನೆ ನಡೆಸಿ. ಆ ಮೌನದಲ್ಲಿ ಕಿವಿ ತೆರೆದುಕೊಳ್ಳುತ್ತದೆ. ಮುಂದೆ ಕೇಳಬೇಕಾದ ವೀಣೆಗೆ ಅದು ಬೇಕೇ ಬೇಕು.

ಎಲ್ಲರೂ ಮಾಡುವ ತಪ್ಪು, ಜನ ಹುರುಪಾಗಲಿ ಎಂದು ಡೊಳ್ಳಿನಿಂದ ಶುರುಮಾಡುವುದು. ಡೊಳ್ಳು ಕೇಳಿದ ಕಿವಿಗೆ ಮುಂದಿನ ಅರ್ಧ ಗಂಟೆ ಗಮಕವೂ (ಕಾವ್ಯವನ್ನು ರಾಗವಾಗಿ ಓದುವ ಕಲೆ) ವೀಣೆಯೂ ಸಪ್ಪೆ. ನಮ್ಮಲ್ಲಿ ಕ್ರಮ ತಿರುಗಾಮುರುಗಾ: ವೀಣೆ, ಗಮಕ, ಕಂಸಾಳೆ, ಕಡೆಗೆ ಡೊಳ್ಳು.

ವೀಣೆಗೆ ಮರದ ನೆರಳು, ಹಿಂದೆ ಗೋಡೆ. ಬಯಲಲ್ಲಿ ಹದಿನೈದು ಅಡಿ ದಾಟಿದರೆ ಮಂದ್ರದ (ಕೆಳಗಿನ ಸ್ಥಾಯಿಯ) ನಾದ ಕೇಳಿಸುವುದಿಲ್ಲ, ಹಾಗಾಗಿ ಎರಡು ಜಮಖಾನ ಹಾಸಿ ಮುಂದಿನವರನ್ನು ಕೂರಿಸಿ, ಹಿಂದಿನವರನ್ನು ನಿಲ್ಲಿಸಿ. ಬ್ಯಾಟರಿಯ ಸಣ್ಣ ಸ್ಪೀಕರ್ ಬೇಕೆನಿಸಿದರೂ ಬೇಡ. ವೀಣೆಯ ಮೆಟ್ಟಿಲುಗಳು, ಅಂದರೆ ತಂತಿಯ ಕೆಳಗಿನ ಸ್ವರದ ಅಡ್ಡಪಟ್ಟಿಗಳು, ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ಇಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ, ಆಮೇಲೆ ಆ ಸ್ವರ ಸ್ಥಾನದಲ್ಲಿ ನಿಲ್ಲುವುದಿಲ್ಲ. ಏಳು ಗಂಟೆಗೆ ಇದ್ದ ನೆರಳು ಎಂಟಕ್ಕೆ ಎಲ್ಲಿಗೆ ಸರಿಯುತ್ತದೆ ಎಂದು ಹಿಂದಿನ ವಾರ ಅದೇ ಹೊತ್ತಿಗೆ ಹೋಗಿ ನೋಡಿಕೊಳ್ಳಬೇಕು. ಮನೆಯೊಳಗಿಂದ ಚಳಿಗೆ ತಂದ ತಂತಿಯ ಶ್ರುತಿ ತಪ್ಪುತ್ತದೆ. ಹಾಗಾಗಿ ನುಡಿಸುವವರು ಇಪ್ಪತ್ತು ನಿಮಿಷ ಮೊದಲೇ ಕೂತು ವಾದ್ಯವನ್ನು ಆ ಗಾಳಿಗೆ ಒಗ್ಗಿಸಲಿ.

ಗಮಕಕ್ಕೆ ಕನ್ನಡ ಅಧ್ಯಯನ ಸಂಸ್ಥೆಯ ಬಳಿ ನಿಲ್ಲುತ್ತೇವೆ. ಕುವೆಂಪು ಹೆಸರಿನ ಸಂಸ್ಥೆ ಅದು, 'ಮಾನಸಗಂಗೋತ್ರಿ' ಎಂಬ ಹೆಸರು ಕೊಟ್ಟವರೂ ಅವರೇ. ಭಾಮಿನಿ ಷಟ್ಪದಿಯ ನಾಲ್ಕು ಪದ್ಯ ಸಾಕು, ವಾಚನ ಒಬ್ಬರು, ವ್ಯಾಖ್ಯಾನ ಒಬ್ಬರು. ಹನ್ನೆರಡು ನಿಮಿಷ ದಾಟಬಾರದು. ವ್ಯಾಖ್ಯಾನ ಮಾಡುವ ವಿದ್ಯಾರ್ಥಿ ಉದ್ದ ಎಳೆಯುವುದು ಸಾಮಾನ್ಯ. ಪದ್ಯಕ್ಕೆ ಒಂದೇ ಮಾತು ಎಂದು ಅಭ್ಯಾಸದಲ್ಲೇ ಕಟ್ಟುಮಾಡಿ.

ಜಯಲಕ್ಷ್ಮೀ ವಿಲಾಸದ ಮುಂದೆ ಕಂಸಾಳೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಮನೆ. ಮುಂದೆ ಜಾನಪದ ವಸ್ತು ಸಂಗ್ರಹಾಲಯ ಇಲ್ಲಿಗೇ ಬಂತು. ಹಳೆಯ ಕಟ್ಟಡವಾದ್ದರಿಂದ ಗೋಡೆ, ಕಂಬ ಮುಟ್ಟದೆ ಅಂಗಳದಲ್ಲೇ ಮಾಡಿ. ಮಲೆ ಮಾದಪ್ಪನ ಭಕ್ತರಾದ ದೇವರಗುಡ್ಡರ ಕಲೆಯಿದು. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸುವಾಗ ಆ ಚಪ್ಪಟೆ ತಾಳ ತಲೆಯ ಸುತ್ತ ತಿರುಗಿ ಬಂದು ಬಟ್ಟಲಿನ ಬಾಯಿಗೇ ಬಡಿಯುತ್ತದೆ. ಕುಣಿಯುವವರಲ್ಲಿ ಒಬ್ಬೊಬ್ಬರಿಗೂ ಸುತ್ತಲೂ ಆರಡಿ ಜಾಗ ಬೇಕು, ನೋಡುವವರು ಹತ್ತಡಿ ಆಚೆ. ನೆಲಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಮಾತಿಲ್ಲದೆ ಕೆಲಸವಾಗುತ್ತದೆ. ದಾರವನ್ನು ಪ್ರತಿ ಸಲ ಎಳೆದು ನೋಡಿ. ನೂಲು ಬಿಚ್ಚಿಕೊಂಡಿದ್ದರೆ ಹೊಸದು ಕಟ್ಟಿ, ಇದಕ್ಕೆ ರಿಯಾಯಿತಿ ಇಲ್ಲ. ಕುಣಿಯುವುದು ಬರಿಗಾಲಲ್ಲಿ, ಆದ್ದರಿಂದ ಜಲ್ಲಿ ಹಾಕಿದ ಜಾಗ ಬೇಡ, ಒದ್ದೆ ಕಲ್ಲು ಹಾಸೂ ಬೇಡ. ಹಿಂದಿನ ಸಂಜೆ ಒಮ್ಮೆ, ಅಂದು ಬೆಳಿಗ್ಗೆ ಒಮ್ಮೆ ಗುಡಿಸಿ ಗಾಜು, ಮುಳ್ಳು ಆರಿಸಿ.

ಇಲ್ಲೇ ಐದು ನಿಮಿಷ ತೊಗಲುಗೊಂಬೆಗೂ ಇಟ್ಟಿದ್ದೇವೆ. ಹಗಲಲ್ಲಿ ಪರದೆ ಕಟ್ಟಿ ಆಡಿಸಲು ಹೋದರೆ ಏನೂ ಕಾಣುವುದಿಲ್ಲ. ಬದಲಿಗೆ ಒಬ್ಬ ವಿದ್ಯಾರ್ಥಿ ಗೊಂಬೆಯನ್ನು ಎಳೆಬಿಸಿಲಿಗೆ ಎದುರಾಗಿ ಎತ್ತಿ ಹಿಡಿಯುತ್ತಾನೆ. ಚರ್ಮದ ಕೆಂಪು, ಹಸಿರು ಹೊತ್ತಿಕೊಂಡಂತೆ ಬೆಳಗಿ, ಕೊರೆದ ತೂತುಗಳಲ್ಲಿ ಒಡವೆ ಮಿನುಗುತ್ತದೆ. ಅಷ್ಟು ಹತ್ತಿರದಿಂದ ಆ ಕೊರೆತ ಆಟದ ರಾತ್ರಿಯಲ್ಲೂ ಕಾಣಿಸದು. ಬಿಸಿಲಲ್ಲಿ ಹೆಚ್ಚು ಹೊತ್ತು ಹಿಡಿದರೆ ತೊಗಲು ಸೆಟೆದುಕೊಳ್ಳುತ್ತದೆ, ಒಂದೆರಡು ನಿಮಿಷಕ್ಕೆ ಮತ್ತೆ ಬಟ್ಟೆಯೊಳಗೆ ಸೇರಿಸಿ.

ವಿವರಣೆ ಪ್ರದರ್ಶನಕ್ಕೆ ಮೊದಲೋ ಆಮೇಲೋ ಎಂದು ಬಹಳ ಜನ ಕೇಳುತ್ತಾರೆ. ಆಮೇಲೆ. ಮೊದಲು ಹೇಳಿದರೆ ಜನ ಹೇಳಿದ್ದನ್ನು ಹುಡುಕುತ್ತ ನೋಡುತ್ತಾರೆ. ಆಮೇಲೆ ಹೇಳಿದರೆ ಪ್ರಶ್ನೆ ಅವರಿಂದಲೇ ಬರುತ್ತದೆ. ಉತ್ತರವನ್ನು ಕುಣಿದವರೇ ಕೊಡಲಿ, ದಾರಿ ತೋರುವವರಲ್ಲ.

ಕಲಾವಿದರು ಗುಂಪಿನ ಜೊತೆ ನಡೆಯಕೂಡದು. ಪ್ರತಿ ನಿಲ್ದಾಣದಲ್ಲಿ ಒಬ್ಬ ಸ್ವಯಂಸೇವಕ, ಗುಂಪಿನ ಕೊನೆಯಲ್ಲಿ ಇನ್ನೊಬ್ಬ. ಕೊನೆಯವನು ಹಿಂದಿನ ಜಾಗ ಬಿಟ್ಟ ತಕ್ಷಣ ಮುಂದಿನವನಿಗೆ ಫೋನ್ ಮಾಡುತ್ತಾನೆ, ಆಗಷ್ಟೇ ಗೆಜ್ಜೆ ಕಟ್ಟಲು ಶುರು.

ಅನುಮತಿಗೆ ಕುಲಸಚಿವರಿಗೆ ಮೂರು ವಾರ ಮೊದಲು ಪತ್ರ ಕೊಡಿ. ಅದರಲ್ಲಿ ದಾರಿಯ ನಕ್ಷೆ, ಜನರ ಸಂಖ್ಯೆ, ವಾದ್ಯಗಳ ಹೆಸರು, ಹೊತ್ತು ಎಲ್ಲವೂ ಇರಲಿ. ಪ್ರತಿಯನ್ನು ಭದ್ರತಾ ಸಿಬ್ಬಂದಿಗೂ ಆಯಾ ವಿಭಾಗಕ್ಕೂ ತಲುಪಿಸಿ, ಒಂದು ಪ್ರತಿ ಜೇಬಿನಲ್ಲಿರಲಿ; ಬೆಳಿಗ್ಗೆ ಪಾಳಿ ಬದಲಾದ ಕಾವಲುಗಾರರಿಗೆ ವಿಷಯ ಗೊತ್ತಿರುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಕೇಳಲೇಬೇಡಿ.

ಕಡೆಯ ನಿಲ್ದಾಣ ಬಯಲು ರಂಗಮಂದಿರ. ದಸರೆಯ ಯುವ ಸಂಭ್ರಮದಲ್ಲಿ ಕಿಕ್ಕಿರಿಯುವ ಜಾಗ ಬೆಳಿಗ್ಗೆ ಖಾಲಿ ಇರುತ್ತದೆ, ಡೊಳ್ಳಿಗೆ ಅದೇ ಸರಿ. ಎಂಟು ಡೊಳ್ಳು ಸಾಕು, ಲಗೇಜ್ ಆಟೋ ಒಂದರಲ್ಲಿ ಬರುತ್ತವೆ. ಇಬ್ಬನಿಗೆ ಚರ್ಮ ಸಡಿಲವಾದರೆ ನಾದ ದಪ್ಪಗಾಗಿ ಪೆಟ್ಟು ಒಡೆಯುವುದಿಲ್ಲ. ತಮಟೆಯವರ ಹಾಗೆ ಹುಲ್ಲು ಉರಿಸಿ ಕಾಯಿಸುವಂತಿಲ್ಲ. ಜನವರಿ ದಾಟಿದರೆ ಆವರಣದ ತುಂಬ ಒಣಗಿದ ತರಗೆಲೆ, ಒಂದು ಕಿಡಿ ಸಾಕು. ಏಳು ಗಂಟೆಗೇ ಡೊಳ್ಳುಗಳನ್ನು ಬಿಸಿಲು ಬೀಳುವ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು, ಅರ್ಧ ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ, ಕುಣಿತಕ್ಕೆ ಹತ್ತು ನಿಮಿಷ ಮುಂಚೆ ಹಗ್ಗ ಬಿಗಿಯಿರಿ. ಕುಣಿತ ಮುಗಿದು ಎಲ್ಲರೂ ಇಡ್ಲಿಗೆ ಸೇರಿದಾಗ ಇಬ್ಬರು ಉಳಿದು ಆ ಹಗ್ಗಗಳನ್ನು ಸಡಿಲಿಸಬೇಕು. ಬಿಗಿಯಲ್ಲೇ ಬಿಟ್ಟರೆ ಮಧ್ಯಾಹ್ನದ ಬಿಸಿಲಿಗೆ ಚರ್ಮ ಸೀಳುತ್ತದೆ.